ಇಂಗ್ಲಿಷಿನ ಕ್ಲಿಷ್ಟಪದಗಳೂ ಗ್ರಂಥಪಠನವೂ

ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿಯು ಮೊದಲು ಅಮರಕೋಶವನ್ನು ಕಂಠಸ್ಥಮಾಡಿ, ಆ ಬಳಿಕ ರಘುವಂಶವನ್ನು ಕೈಗೆತ್ತಿಕೊಳ್ಳುವುದು ಬಹುಕಾಲದ ಸಂಪ್ರದಾಯ. ಶಬ್ದಸಂಗ್ರಹವು ಮೊದಲು, ಕಾವ್ಯಪಠನವು ತರುವಾಯ. ಇಂಗ್ಲಿಷ್ ಭಾಷೆಯ ಚರಿತ್ರೆಯಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಅಲ್ಲಿ ಗ್ರಂಥಗಳು ಮೊದಲು ಬಂದುವು. ಅವುಗಳಲ್ಲಿದ್ದ ಅಪರಿಚಿತ ಶಬ್ದಗಳನ್ನು ಓದುಗರು ವಾಕ್ಯದ ಬಲದಿಂದಲೇ ತಿಳಿದುಕೊಳ್ಳಬೇಕಾಗಿದ್ದಿತು. ಇಂಗ್ಲಿಷ್ ಶಬ್ದಗಳಿಗೆ ಇಂಗ್ಲಿಷಿನಲ್ಲಿಯೇ ಅರ್ಥವನ್ನು ಹೇಳುವ ಪ್ರತ್ಯೇಕ ಕೋಶವು ಹುಟ್ಟಿದುದು, ಕ್ಯಾಕ್ಸ್ಟನನು ೧೪೭೬ರಲ್ಲಿ ಆ ದೇಶಕ್ಕೆ ಮುದ್ರಣಯಂತ್ರವನ್ನು ತಂದ ೧೨೮ ವರ್ಷಗಳ ಮೇಲೆ.

ಹದಿನಾರನೆಯ ಶತಮಾನದ ಆಂಗ್ಲ ಗ್ರಂಥಕಾರರು ಲ್ಯಾಟಿನ್, ಗ್ರೀಕ್, ಫ್ರೆಂಚ್ ಭಾಷೆಗಳಿಂದ ಶಬ್ದಗಳನ್ನು ಧಾರಾಳವಾಗಿ ತೆಗೆದುಕೊಂಡರು. ಲ್ಯಾಟಿನ್ ಕಲಿತ ಬಾಲಕನಿಗೆ ಇದರಿಂದ ತೊಂದರೆಯಿರಲಿಲ್ಲ. ಧಾತುವನ್ನು ಬಲ್ಲವನು ಶಬ್ದವನ್ನು ಬಿಡಿಸಿಕೊಳ್ಳಬಲ್ಲನು. ವರ್ತಕನಿಗೂ ಕುಶಲಕರ್ಮಿಗೂ, ಲ್ಯಾಟಿನ್ ಶಾಲೆಯ ಮೆಟ್ಟಿಲನ್ನು ಹತ್ತಲು ಅವಕಾಶವೇ ಇಲ್ಲದಿದ್ದ ಸ್ತ್ರೀಯರಿಗೂ, ತಮ್ಮ ತಾಯ್ನುಡಿಯ ಗ್ರಂಥವೇ ಅರ್ಧ ಪರಭಾಷೆಯಾಯಿತು. ಸಂಸ್ಕೃತವನ್ನರಿಯದ ಕನ್ನಡಿಗನು ತತ್ಸಮಗಳು ತುಂಬಿದ ಚಂಪೂಕಾವ್ಯದ ಮುಂದೆ ಕುಳಿತಾಗ ಪಡುವ ಪಾಡೂ ಇದೇ. ಸಂಸ್ಕೃತ ಶಬ್ದಗಳಿಗೆ ಕನ್ನಡದಲ್ಲಿ ಅರ್ಥವನ್ನು ಹೇಳುವ ಅಭಿಧಾನವಸ್ತುಕೋಶವನ್ನು ನಾಗವರ್ಮನು ರಚಿಸಿದುದನ್ನು ಇಲ್ಲಿ ನೆನೆಯಬಹುದು.

ಈ ತೊಡಕಿಗೆ ಪಠನದೊಳಗೇ ಪರಿಹಾರವನ್ನು ಕಂಡವನು ಸರ್ ಥಾಮಸ್ ಎಲಿಯಟ್. ೧೫೩೧ರಲ್ಲಿ ಪ್ರಕಟವಾದ ‘ಗವರ್ನರ್’ ಎಂಬ ಗ್ರಂಥದಲ್ಲಿ ಆತನು ಹೊಸ ಶಬ್ದವನ್ನು ಪ್ರಯೋಗಿಸಿ, ಅದರ ಮಗ್ಗುಲಲ್ಲಿಯೇ ಜನರು ಬಲ್ಲ ಶಬ್ದವನ್ನಿಡುತ್ತಾನೆ. ‘ಎಡ್ಯುಕೇಷನ್’ ಎಂದು ಬರೆದ ಕಡೆ, ಮಕ್ಕಳನ್ನು ಸಾಕಿ ಬೆಳೆಸುವುದೆಂಬರ್ಥದ ಮನೆಮಾತೂ ಜೊತೆಗಿರುತ್ತದೆ. ‘ಮೆಚ್ಯೂರಿಟಿ’ ಎಂಬ ಶಬ್ದಕ್ಕೆ ಇಷ್ಟೂ ಸಾಲದೆಂದು ಕಂಡು ಆತನು ಹಣ್ಣಿನ ದೃಷ್ಟಾಂತವನ್ನು ಕೊಡುತ್ತಾನೆ: ಕಾಯೂ ಅಲ್ಲದ, ಕೊಳೆತುದೂ ಅಲ್ಲದ ಹದವು ಫಲಕ್ಕೆ ಹೇಗೋ, ಅತಿಯೂ ಅಲ್ಲದ ನ್ಯೂನವೂ ಅಲ್ಲದ, ಕಾಲಕ್ಕೆ ಮುಂಚೆಯೂ ಅಲ್ಲದ ತಡವೂ ಅಲ್ಲದ ನಡೆಯು ಮನುಷ್ಯನ ಕಾರ್ಯಕ್ಕೆ ಹಾಗೆ. ನಮ್ಮ ಆಲಂಕಾರಿಕರು ‘ಪಾಕ’ಶಬ್ದವನ್ನು ಫಲದಿಂದ ಕಾವ್ಯಕ್ಕೆ ಏರಿಸಿದುದನ್ನು ಬಲ್ಲವರಿಗೆ ಈ ವಿವರಣೆಯು ಚಿರಪರಿಚಿತವೆನಿಸುವುದು. ತಾನು ತಂದ ಯಾವ ಹೊಸ ಶಬ್ದವೂ ಗಮನವಿಟ್ಟು ಓದುವವನಿಗೆ ವಾಕ್ಯವನ್ನು ಕತ್ತಲೆಗೊಳಿಸದಂತೆ ಒಂದಲ್ಲ ಒಂದು ವಿಧದಿಂದ ತಿಳಿಯಪಡಿಸಿರುವುದಾಗಿ ಆತನು ೧೫೩೩ರಲ್ಲಿ ಹೇಳಿಕೊಂಡಿದ್ದಾನೆ. ಆತನು ತಂದ ಶಬ್ದಗಳೆಲ್ಲವೂ ನಿಲ್ಲಲಿಲ್ಲವೆಂಬುದು ನಿಜ. ಆದರೂ ವ್ಯಾಖ್ಯಾನವನ್ನು ಮೂಲದಲ್ಲಿಯೇ ನೇಯ್ದ ಈ ಉಪಾಯದ ಔದಾರ್ಯವನ್ನು ಮೆಚ್ಚಲೇಬೇಕು. ಓದುಗನು ಶಬ್ದವನ್ನು ಅದು ಕೆಲಸಮಾಡುತ್ತಿರುವ ಸ್ಥಳದಲ್ಲಿಯೇ ಕಂಡು ಕಲಿಯುವನು.

ಶಬ್ದಗಳ ಈ ಆಮದು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಥಾಮಸ್ ವಿಲ್ಸನ್ ೧೫೫೩ರ ತನ್ನ ಅಲಂಕಾರಗ್ರಂಥದಲ್ಲಿ ಇಂತಹ ಶಬ್ದಗಳನ್ನೇ ತುರುಕಿದ ಒಂದು ಪತ್ರವನ್ನು ಹಾಸ್ಯಕ್ಕಾಗಿ ಸೇರಿಸಿದನು. ಕಾಲವು ಆ ಹಾಸ್ಯದ ಮೊನೆಯನ್ನು ಮುರಿದಿದೆ. ಅಲ್ಲಿ ನಗೆಗೀಡಾದ ‘ಸೆಲಿಬ್ರೇಟ್’, ‘ಕೆಪಾಸಿಟಿ’ ಮುಂತಾದುವು ಈಗ ಶಾಲೆಯ ಮಕ್ಕಳ ಬಾಯಲ್ಲಿವೆ. ಸರ್ ಜಾನ್ ಚೀಕ್ ಎಂಬುವನ ಪ್ರಯತ್ನವು ಹೆಚ್ಚು ಗಂಭೀರವಾದುದು. ಕೇಂಬ್ರಿಜ್ಜಿನಲ್ಲಿ ಗ್ರೀಕ್ ಪ್ರಾಧ್ಯಾಪಕನಾಗಿದ್ದ ಈತನೇ ಪರಭಾಷಾಶಬ್ದಗಳ ಬೆರಕೆ ಬೇಡವೆಂದು ವಾದಿಸಿ, ಮತ್ತಾಯನ ಸುವಾರ್ತೆಯನ್ನು ಭಾಷಾಂತರಿಸುವಾಗ ‘ಸೆಂಚೂರಿಯನ್’ ಎಂಬುದಕ್ಕೆ ‘ಹಂಡ್ರೆಡರ್’ ಎಂದೂ ‘ಪ್ಯಾರಬಲ್’ ಎಂಬುದಕ್ಕೆ ‘ಬೈವರ್ಡ್’ ಎಂದೂ ಬರೆದನು. ಇಲ್ಲಿ ಕಬ್ಬಿಗರ ಕಾವದ ಆಂಡಯ್ಯನು ನೆನಪಾಗುವುದು ಸಹಜ. ಆದರೆ ಸಾಮ್ಯವನ್ನು ಹೆಚ್ಚು ದೂರ ಎಳೆಯಲಾಗದು: ಆಂಡಯ್ಯನು ತತ್ಸಮಗಳನ್ನು ಬಿಟ್ಟರೂ ಕನ್ನಡವು ಅರಗಿಸಿಕೊಂಡಿದ್ದ ತದ್ಭವಗಳನ್ನು ಬಳಸಿದನು; ಚೀಕನಾದರೋ ಅನೇಕ ಕಡೆ ಹೊಸ ಶಬ್ದಗಳನ್ನೇ ಕಟ್ಟಬೇಕಾಯಿತು. ಓದುಗನಿಗೆ ‘ಹಂಡ್ರೆಡರ್’ ಎಂಬುದೂ ಹೊಸದೇ.

೧೬೦೪ರಲ್ಲಿ ರಾಬರ್ಟ್ ಕಾಡ್ರಿ ಎಂಬ ಉಪಾಧ್ಯಾಯನು ‘ಟೇಬಲ್ ಆಲ್ಫಬೆಟಿಕಲ್’ ಎಂಬ ಸಣ್ಣ ಪುಸ್ತಕವನ್ನು ಲಂಡನ್ನಿನಲ್ಲಿ ಪ್ರಕಟಿಸಿದನು. ಅದರಲ್ಲಿ ಸುಮಾರು ೨,೫೦೦ ಶಬ್ದಗಳಿವೆ, ಎಲ್ಲವೂ ಕ್ಲಿಷ್ಟಪದಗಳೇ. ಧರ್ಮಗ್ರಂಥದಲ್ಲಿ ಓದಿದ, ಉಪದೇಶದಲ್ಲಿ ಕೇಳಿದ ಕಠಿನ ಶಬ್ದಗಳನ್ನು ಸ್ತ್ರೀಯರೂ ಹೆಚ್ಚು ಶಿಕ್ಷಣವಿಲ್ಲದ ಇತರರೂ ತಿಳಿಯಲೆಂದು ಇದನ್ನು ಮಾಡಿದುದಾಗಿ ಮುಖಪುಟದಲ್ಲಿಯೇ ಇದೆ. ಅಕಾರಾದಿಕ್ರಮವನ್ನು ಹೇಗೆ ಉಪಯೋಗಿಸಬೇಕೆಂಬುದನ್ನೂ ಆತನು ಓದುಗರಿಗೆ ಕಲಿಸಬೇಕಾಯಿತು. ಈ ಪುಸ್ತಕವು ಪಠನದ ಸೇವಕ. ಓದುವಾಗ ತಡೆದುದನ್ನು ಇಲ್ಲಿ ನೋಡಿ ಮತ್ತೆ ಗ್ರಂಥಕ್ಕೆ ಹಿಂತಿರುಗಬೇಕು. ಮೊದಲ ಮುದ್ರಣದ ಒಂದೇ ಒಂದು ಪ್ರತಿಯು ಆಕ್ಸ್‌ಫರ್ಡಿನ ಬಾಡ್ಲಿಯನ್ ಭಂಡಾರದಲ್ಲಿ ಉಳಿದಿದೆ.

ಇಪ್ಪತ್ತು ವರ್ಷಗಳೊಳಗೆ ಈ ಉದ್ದೇಶವು ಕೆಟ್ಟಿತೆನ್ನಬೇಕು. ಹೆನ್ರಿ ಕಾಕರಮ್ ೧೬೨೩ರ ತನ್ನ ನಿಘಂಟಿನಲ್ಲಿ ಒಂದು ಭಾಗವನ್ನೇ ಬೇರೆ ಕೆಲಸಕ್ಕಾಗಿ ಮೀಸಲಿಟ್ಟನು: ಸಾಮಾನ್ಯ ಶಬ್ದವನ್ನು ನೋಡಿ, ಅದರ ಬದಲಿಗೆ ಪ್ರೌಢಶಬ್ದವನ್ನು ಎತ್ತಿಕೊಳ್ಳಬಹುದು. ಓದದೆಯೇ ವಿದ್ವಾಂಸನಂತೆ ಮಾತನಾಡುವ ಸೌಕರ್ಯವಿದು! ಪ್ರಯೋಗವನ್ನು ಕಾಣದೆ ಪಟ್ಟಿಯಿಂದ ಕಿತ್ತ ಶಬ್ದಕ್ಕೆ ಔಚಿತ್ಯವೆಲ್ಲಿಂದ ಬರಬೇಕು? ಶೆರಿಡನ್ ಕವಿಯು ೧೭೭೫ರ ‘ರೈವಲ್ಸ್’ ನಾಟಕದಲ್ಲಿ ಸೃಷ್ಟಿಸಿದ ಮಾಲಪ್ರಾಪ್ ಎಂಬಾಕೆ, ದೊಡ್ಡ ಶಬ್ದಗಳನ್ನು ಅಸ್ಥಾನದಲ್ಲಿ ಸುರಿದು, ಮೊಸಳೆಯನ್ನು ಅನ್ಯೋಕ್ತಿಯನ್ನಾಗಿ ಮಾಡುವವಳು, ಈ ಬಗೆಯ ಕಲಿಕೆಗೆ ತಕ್ಕ ಪ್ರತಿಮೆ.

ಕೋಶವನ್ನು ಮತ್ತೆ ಪಠನಕ್ಕೆ ಕಟ್ಟಿದವನು ಥಾಮಸ್ ಬ್ಲೌಂಟ್ ಎಂಬ ನ್ಯಾಯವಾದಿ. ಲ್ಯಾಟಿನ್, ಫ್ರೆಂಚ್ ತಿಳಿದಿದ್ದರೂ ತಾನು ಇಂಗ್ಲಿಷ್ ಗ್ರಂಥಗಳನ್ನೇ ಓದುತ್ತ ಮುಗ್ಗರಿಸಿದುದನ್ನು ಆತನು ಸಂಕೋಚವಿಲ್ಲದೆ ಒಪ್ಪಿಕೊಂಡು, ಹಾಗೆ ತಡೆದ ಶಬ್ದಗಳನ್ನು ಕೂಡಿಸಿ ೧೬೫೬ರಲ್ಲಿ ‘ಗ್ಲಾಸೊಗ್ರಾಫಿಯ’ವನ್ನು ಹೊರಡಿಸಿದನು. ಸುಮಾರು ೧೧,೦೦೦ ಶಬ್ದಗಳ ಈ ಕೋಶದಲ್ಲಿ ಕೆಲವಕ್ಕೆ ಆಕರಗ್ರಂಥಕಾರರ ಹೆಸರುಗಳೂ ಇವೆ. ಎರಡೇ ವರ್ಷಗಳಲ್ಲಿ ಎಡ್ವರ್ಡ್ ಫಿಲಿಪ್ಸ್ ಇದರಿಂದ ಯಥೇಚ್ಛವಾಗಿ ಎತ್ತಿಕೊಂಡನು. ಕೋಶಕಾರರಲ್ಲಿ ಪರಸ್ವಾಪಹರಣವು ಯಾವ ದೇಶದಲ್ಲಿಯೂ ಹೊಸದಲ್ಲ.

ಸ್ಯಾಮ್ಯುಯೆಲ್ ಜಾನ್ಸನನ ೧೭೫೫ರ ನಿಘಂಟಿನಲ್ಲಿ ಈ ಮಾರ್ಗವು ಶಾಸ್ತ್ರವಾಯಿತು. ಆತನು ಗ್ರಂಥಗಳನ್ನು ಓದುತ್ತ ಬೇಕಾದ ಶಬ್ದದ ಕೆಳಗೆ ಗೆರೆಯೆಳೆದು, ಅಂಚಿನಲ್ಲಿ ಅದರ ಮೊದಲಕ್ಷರವನ್ನು ಗುರುತಿಸುವನು; ಲಿಪಿಕಾರರು ಆ ವಾಕ್ಯಗಳನ್ನು ಪ್ರತಿಮಾಡುವರು. ಹೀಗೆ ೪೨,೦೦೦ಕ್ಕೂ ಹೆಚ್ಚು ಶಬ್ದಗಳಿಗೆ ೧,೧೦,೦೦೦ಕ್ಕೂ ಮೇಲ್ಪಟ್ಟ ಪ್ರಯೋಗಗಳು ಮುದ್ರಿತವಾದುವು. ಲಕ್ಷಣವಾಕ್ಯದಿಂದ ತೀರದ ಸಂದೇಹವು ಉದಾಹರಣೆಯಿಂದ ತೀರಬೇಕೆಂಬುದು ಆತನ ಮತ. ಇದು ಬರಿಯ ವಿನಯವಲ್ಲ: ‘ನೆಟ್‌ವರ್ಕ್’ ಎಂಬ ಸುಲಭ ಶಬ್ದಕ್ಕೆ ಆತನು ಕೊಟ್ಟ ಅರ್ಥವು ಆ ಶಬ್ದಕ್ಕಿಂತ ಎಷ್ಟೋ ಕಠಿನವಾಗಿದೆ. ಪೂರ್ವಕವಿಗಳ ಪ್ರಯೋಗಗಳನ್ನು ಮುಂದಿಟ್ಟು ಸೂತ್ರವನ್ನು ಸಮರ್ಥಿಸಿದ ಶಬ್ದಮಣಿದರ್ಪಣದ ಕೇಶಿರಾಜನನ್ನು ಓದಿದವರಿಗೆ ಈ ಪದ್ಧತಿಯ ಬಲವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಪಾಠಶಾಲೆಯಲ್ಲಿಯೂ ಮಲ್ಲಿನಾಥನು ಅಮರವನ್ನು ಪ್ರಮಾಣವಾಗಿ ಕರೆಯುವುದು ಶ್ಲೋಕದಲ್ಲಿ ಪದವು ನಿಂತ ಸ್ಥಳದಲ್ಲಿಯೇ. ಬಾಲ್ಯದಲ್ಲಿ ಉರುಹೊಡೆದ ಕೋಶಕ್ಕೆ ಜೀವ ಬರುವುದು ಅಲ್ಲಿ.

ಆಕ್ಸ್‌ಫರ್ಡ್ ನಿಘಂಟಿಗಾಗಿ ೧೮೭೯ರಲ್ಲಿ ಸಂಪಾದಕನಾದ ಜೇಮ್ಸ್ ಮರೆ ಇಂಗ್ಲಿಷ್ ಓದುವವರೆಲ್ಲರನ್ನೂ ಸಹಾಯಕ್ಕೆ ಕರೆದನು. ಹೀಗೆ ಓದಿ ಬರೆದು ಕಳುಹಿಸಿದವರಲ್ಲಿ, ಚಿತ್ತವಿಭ್ರಮದಿಂದ ಬ್ರಾಡ್ಮೂರಿನಲ್ಲಿ ಬಂಧಿತನಾಗಿದ್ದ ಅಮೆರಿಕದ ಸೇನಾವೈದ್ಯ ಮೈನರ್ ಎಂಬಾತನೂ ಒಬ್ಬನು. ಪ್ರತಿಯೊಂದು ಗ್ರಂಥಕ್ಕೂ ಆತನು ಶಬ್ದಸೂಚಿಯೊಂದನ್ನು ಮಾಡಿಟ್ಟುಕೊಂಡು, ಸಂಪಾದಕರಿಗೆ ಯಾವ ಶಬ್ದವು ಬೇಕಾಗುತ್ತಿದ್ದಿತೋ ಅದರ ಪ್ರಯೋಗವನ್ನು ಆಗಲೇ ಒದಗಿಸುತ್ತಿದ್ದನು. ೧೯೨೮ರಲ್ಲಿ ಆ ನಿಘಂಟು ಮುಗಿದಾಗ ಅದರಲ್ಲಿ ೧೮ ಲಕ್ಷಕ್ಕೂ ಮೇಲ್ಪಟ್ಟ ಪ್ರಯೋಗವಾಕ್ಯಗಳಿದ್ದುವು. ಕನ್ನಡದಲ್ಲಿ ಕಿಟ್ಟೆಲರು ೧೮೯೪ರಲ್ಲಿ ಕಾವ್ಯಗಳಿಂದಲೂ ಗಾದೆಗಳಿಂದಲೂ ಪ್ರಯೋಗಗಳನ್ನು ಕೊಟ್ಟರು; ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ೧೯೭೦ರಿಂದ ೧೯೯೫ರವರೆಗೆ ಹೊರಬಂದಾಗ, ಶಾಸನಗಳೂ ಆ ಸಾಕ್ಷಿಗಳ ಸಾಲಿಗೆ ಸೇರಿದುವು.