ಮತ್ಸ್ಯವಿನೋದ

ಗಾಳ ಹಾಕುವುದನ್ನು ಶಾಸ್ತ್ರವಾಗಿ ಬೆಳೆಸಿದವರು ಆಂಗ್ಲರೇ ಎಂಬ ಭಾವನೆಯು ನಮ್ಮ ವಿದ್ಯಾವಂತರಲ್ಲಿ ಬೇರೂರಿರುವುದು. ಅವರ ಭಾಷೆಯಲ್ಲಿ ಈ ವಿಷಯವಾಗಿ ಅಚ್ಚಾದ ಮೊದಲ ಗ್ರಂಥವು 1496ರಲ್ಲಿ ಹೊರಬಿದ್ದಿತು. ಅದಕ್ಕೆ ಮುನ್ನೂರೈವತ್ತು ವರ್ಷಗಳಿಗೂ ಹಿಂದೆ, ಕ್ರಿ. ಶ. 1129ರ ಸುಮಾರಿಗೆ, ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ಐದು ವಿಂಶತಿಗಳ, ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ‘ಮತ್ಸ್ಯವಿನೋದ’ವೆಂಬ ಅಧ್ಯಾಯವೊಂದುಂಟು. ಕಡಲಿನವು, ನದಿಯವು, ಹುರುಪೆಯುಳ್ಳವು, ಇಲ್ಲದವು ಎಂದು ಸುಮಾರು 35 ಬಗೆಯ ಮೀನುಗಳನ್ನು ದೊರೆಯು ವಿಂಗಡಿಸಿ, ಅವುಗಳ ಆಹಾರ, ಬಿದಿರಿನ ಕೋಲು, ನಾರಿನ ದಾರ, ಗಾಳ ಇವುಗಳನ್ನು ವಿವರಿಸಿರುತ್ತಾನೆ.

ಆಂಗ್ಲರ ವಿದ್ಯೆಯಲ್ಲಿ ಅತಿ ಸೂಕ್ಷ್ಮವೆನಿಸಿದ್ದು ‘ಡ್ರೈ ಫ್ಲೈ’, ಅಂದರೆ ತೇಲುವ ಕೃತಕ ಹುಳು. ಇದು ಮುಖ್ಯವಾಗಿ ತಣ್ಣೀರಿನ ಹೊಳೆಗಳ ಟ್ರೌಟ್ ಮೀನಿಗಾಗಿ ಹುಟ್ಟಿದ್ದು. ನಮ್ಮ ನೆರೆಯ ನೀಲಗಿರಿಗೂ ಆಂಗ್ಲರು ಆ ಮೀನನ್ನು ತಂದು ಬಿಟ್ಟರು. ನೀರಿನಲ್ಲಿ ಬೆಳೆದ ಹುಳುವು ರೆಕ್ಕೆ ಪಡೆದು ಮೇಲೆ ಬಂದು ಕ್ಷಣಕಾಲ ತೇಲುವಾಗ ಟ್ರೌಟ್ ಅದನ್ನು ನುಂಗುವುದು. ಆದಕಾರಣ ಸಣ್ಣ ಗಾಳಕ್ಕೆ ಮೇಣ ತೀಡಿದ ರೇಷ್ಮೆದಾರದಿಂದ ಹುಂಜದ ಕತ್ತಿನ ಗರಿಯನ್ನು ಸುತ್ತಿ ಕಟ್ಟಿ, ಆ ಹುಳುವಿನ ಪ್ರತಿಕೃತಿಯನ್ನು ಮಾಡುವರು. ಗರಿಯ ಬಿರುಸಾದ ಎಳೆಗಳು ಸುತ್ತಲೂ ಚಾಚಿ ನೀರಿನ ಮೇಲ್ಪದರವನ್ನು ಆತುಕೊಳ್ಳುವುದರಿಂದ ಅದು ಮುಳುಗದು. ಮೀನಿನ ಹಿಂದೆ ನಿಂತು, ಪ್ರವಾಹಕ್ಕೆ ಎದುರಾಗಿ ಎಸೆದು, ಹರಿವಿನೊಡನೆ ತೇಲಿಬರಲು ಬಿಡಬೇಕು. ದಾರವು ತುಸು ಎಳೆದರೂ ಮೀನು ಸಂಶಯಪಟ್ಟು ಸರಿಯುವುದು. ಈ ಹುಳುಗಳನ್ನು ಕಟ್ಟುವ ಕ್ರಮವನ್ನು ಹ್ಯಾಲ್‌ಫರ್ಡನು 1886ರ ತನ್ನ ಗ್ರಂಥದಲ್ಲಿ ವಿಸ್ತರಿಸಿದನು.

ಇದೂ ಸೋಮೇಶ್ವರನಲ್ಲಿಯೇ ಇದೆಯೆಂದು ಹೇಳಿದರೆ ಅದು ಅಭಿಮಾನವಾದೀತೇ ಹೊರತು ಇತಿಹಾಸವಾಗದು. ಅವನದು ತಿನ್ನುವ ಆಹಾರವನ್ನೇ ಒಡ್ಡುವ ಮಾರ್ಗ. ಆದರೆ ಎರಡಕ್ಕೂ ಮೂಲವು ಒಂದೇ: ಮೀನು ಏನನ್ನು, ಹೇಗೆ ತಿನ್ನುವುದೆಂದು ತಾಳ್ಮೆಯಿಂದ ನೋಡಿದ ಕಣ್ಣು. ನಮ್ಮ ಸಿದ್ದಾಪುರದ ಪಕ್ಕದ ಲಾಲ್‌ಬಾಗಿನ ಕೆರೆಯ ದಂಡೆಯಲ್ಲಿ ಸಂಜೆ ಕುಳಿತಾಗ, ನೀರಿನ ಮೇಲೆ ಹುಳು ಬಿದ್ದೊಡನೆ ಏಳುವ ಸಣ್ಣ ಬಳೆಯನ್ನು ಕಂಡು ಈ ಮಾತು ನನಗೆ ಮನದಟ್ಟಾಯಿತು.

ಅರಮನೆಯಲ್ಲಿ ಕುಳಿತು 35 ಮೀನುಗಳನ್ನು ಅರಿಯಲಾಗದು. ಬೆಸ್ತರ ಅನುಭವವೇ ಆ ಶ್ಲೋಕಗಳಿಗೆ ಆಧಾರವಾಗಿದ್ದಿರಬೇಕು. ಆದರೆ ಕಾಲಕ್ರಮದಲ್ಲಿ ಶ್ಲೋಕ ಬಲ್ಲವರಿಗೆ ಮೀನು ತಿಳಿಯದು, ಮೀನು ಬಲ್ಲವರಿಗೆ ಶ್ಲೋಕ ತಿಳಿಯದು ಎಂಬಂತಾಯಿತು. ನಮ್ಮ ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣಗಳನ್ನು ಓದಿದ ನಮಗೆ ಈ ಅಧ್ಯಾಯದ ಹೆಸರೂ ಕಿವಿಗೆ ಬೀಳಲಿಲ್ಲ. 1951ರಲ್ಲಿ ಇದನ್ನು ಕುರಿತು ವಿಸ್ತಾರವಾಗಿ ಬರೆದ ಸುಂದರ್ ಲಾಲ್ ಹೋರಾ ಅವರು ಪ್ರಾಣಿಶಾಸ್ತ್ರಜ್ಞರು. ನಾವು ಪಂಡಿತರು ಇದಕ್ಕಾಗಿ ಸ್ವಲ್ಪ ಲಜ್ಜೆಪಡಬೇಕು.

ಕಾವೇರಿಯ ಬೆನ್ನುಬ್ಬಿದ ಮಹಶೀರ್ ಮೀನನ್ನು 2018ರಲ್ಲಿ ಅಳಿವಿನ ಅತಿ ಸಮೀಪದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಮೀನು ಅಳಿದರೆ ಅದರ ಹೆಸರೂ ನಾಲಗೆಯಿಂದ ಅಳಿಯುವುದು. ಮತ್ಸ್ಯಾಹಾರವಿಲ್ಲದ ಮನೆಯವನಾದರೂ ವಾಚಕರಲ್ಲಿ ನನ್ನ ವಿನಂತಿ ಇಷ್ಟೆ: ತಮ್ಮ ತಮ್ಮ ಊರಿನ ಹೊಳೆ ಕೆರೆಗಳ ಮೀನಿನ ಹೆಸರುಗಳನ್ನು ಬಲ್ಲ ಹಿರಿಯರಿಂದ ಕೇಳಿ ಬರೆದಿಡಿರಿ. ಸೋಮೇಶ್ವರನ ಅಧ್ಯಾಯಕ್ಕೆ ಅದಕ್ಕಿಂತ ಉತ್ತಮವಾದ ವ್ಯಾಖ್ಯಾನವು ದೊರೆಯಲಾರದು.