ಹತ್ತು ರೂಪಾಯಿ ಟಿಕೆಟ್ ಮೂವತ್ತಾದ ಕಥೆ

ಕೆ.ಆರ್.ನಗರ ಸ್ಟೇಷನ್ನಿಂದ ಮೈಸೂರಿಗೆ ರೈಲಲ್ಲಿ ಸುಮಾರು 40 ಕಿಲೋಮೀಟರ್. ದಿನಾ ಬೆಳಗ್ಗೆ ಕಾಲೇಜಿಗೆ, ಕೂಲಿಗೆ, ಅಂಗಡಿ ಕೆಲಸಕ್ಕೆ ಹೋಗೋರು ಮೊದಲು ಕೇಳೋದು ರೈಲು ಎಷ್ಟು ಸ್ಪೀಡು ಅಂತಲ್ಲ, ಟಿಕೆಟ್ ಎಷ್ಟು ಅಂತ.

2020ರವರೆಗೆ ಪ್ಯಾಸೆಂಜರ್ ರೈಲಿನ ಕನಿಷ್ಠ ದರ 10 ರೂಪಾಯಿ ಇತ್ತು. ಕೊರೊನಾ ಬಂತು, ರೈಲುಗಳು ನಿಂತವು. ಮತ್ತೆ ಹೊರಟಾಗ ದೇಶದುದ್ದಕ್ಕೂ ಪ್ಯಾಸೆಂಜರ್ ರೈಲುಗಳಿಗೆ ‘ಎಕ್ಸ್‌ಪ್ರೆಸ್ ಸ್ಪೆಷಲ್’ ಅಂತ ಹೆಸರಿಟ್ಟರು. ಕನಿಷ್ಠ ದರ 30 ಆಯ್ತು. ನಾನು ಇಂಜಿನಿಯರಿಂಗ್ ಓದಿದವನು. ದೂರವನ್ನು ಸಮಯದಿಂದ ಭಾಗಿಸಿದರೆ ವೇಗ ಅಂತ ಕಲಿತಿದ್ದೇನೆ. ಹೆಸರು ಬದಲಿಸಿದರೆ ವೇಗ ಹೆಚ್ಚುತ್ತೆ ಅಂತ ಯಾವ ಮೇಷ್ಟ್ರೂ ಹೇಳಿಕೊಡಲಿಲ್ಲ! 2024ರ ಫೆಬ್ರವರಿ ಕೊನೆಯಲ್ಲಿ ಮತ್ತೆ 10 ರೂಪಾಯಿ ಮಾಡಿದರು. ಲೋಕಸಭೆ ಚುನಾವಣೆ ಹತ್ತಿರದಲ್ಲಿತ್ತು.

ಸ್ವಲ್ಪ ಹಿಂದೆ ಹೋಗೋಣ. ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂದಿದ್ದು 1882ರಲ್ಲಿ. 1876–78ರ ಭೀಕರ ಬರಗಾಲದಲ್ಲಿ ಹಸಿದವರಿಗೆ ಕೆಲಸ ಕೊಡೋಕೆ ಶುರುವಾದ ಮಾರ್ಗ ಅದು. ಆಗ ದರದ ವ್ಯತ್ಯಾಸ ಇದ್ದದ್ದು ಸೀಟಿನಲ್ಲಿ. ಮೊದಲ ದರ್ಜೆಗೆ ಮೆತ್ತೆ, ಮೂರನೇ ದರ್ಜೆಗೆ ಹಲಗೆ. ಆದರೆ ಎಂಜಿನ್ ಒಂದೇ! ಸಾಹೇಬನೂ ರೈತನೂ ಒಂದೇ ಹೊತ್ತಿಗೆ ಇಳೀತಿದ್ದರು. ಮೂರನೇ ದರ್ಜೆ ಹೋಗಿದ್ದು 1974ರಲ್ಲಿ.

ಆಮೇಲೆ ಮಾರಾಟಕ್ಕೆ ಬಂದಿದ್ದು ಸಮಯ. ಸರಾಸರಿ ವೇಗ ಗಂಟೆಗೆ 55 ಕಿ.ಮೀ. ದಾಟಿದರೆ ‘ಸೂಪರ್‌ಫಾಸ್ಟ್’. ಅದಕ್ಕೆ ಸೆಕೆಂಡ್ ಕ್ಲಾಸಿನವರಿಂದಲೂ 15 ರೂಪಾಯಿ ಹೆಚ್ಚುವರಿ. 1994ರಲ್ಲಿ ಮೈಸೂರು–ಚೆನ್ನೈ ಶತಾಬ್ದಿ ಬಂತು, 2022ರ ನವೆಂಬರ್‌ನಲ್ಲಿ ವಂದೇ ಭಾರತ್ ಬಂತು. ಸುಮಾರು 500 ಕಿ.ಮೀ. ದೂರ, ಆರೂವರೆ ಗಂಟೆ ಪ್ರಯಾಣ. ಸರಾಸರಿ ಲೆಕ್ಕ ಹಾಕಿ, ಗಂಟೆಗೆ 80 ಕಿ.ಮೀ. ಕೂಡ ಆಗಲ್ಲ. ನಿಜವಾದ ಹೈಸ್ಪೀಡ್, ಅಂದರೆ 435 ಕಿ.ಮೀ.ನ ಚೆನ್ನೈ–ಬೆಂಗಳೂರು–ಮೈಸೂರು ಬುಲೆಟ್ ಮಾರ್ಗ, ಇನ್ನೂ ಕಾಗದದ ಮೇಲಿದೆ.

ಹೆಚ್ಚು ದರ ಇಟ್ಟರೆ ಹೆಚ್ಚು ದುಡ್ಡು ಬರುತ್ತಾ? ಉತ್ತರ ನಮ್ಮ ಶತಾಬ್ದಿಯಲ್ಲೇ ಇದೆ. 2016ರಲ್ಲಿ ಸೀಟು ತುಂಬಿದಂತೆ ದರ ಏರೋ ‘ಫ್ಲೆಕ್ಸಿ’ ಪದ್ಧತಿ ಬಂತು. ಬೆಂಗಳೂರು–ಮೈಸೂರು ನಡುವೆ ಸೀಟುಗಳು ಖಾಲಿ ಹೊಡೀತಿದ್ದವು. ಮರುವರ್ಷ ಪ್ರಯೋಗಕ್ಕೆ ಅಂತ ಈ ಭಾಗದ ದರ ಇಳಿಸಿದರು. ಬುಕಿಂಗ್ 63% ಏರಿತು, ಆದಾಯ 17% ಹೆಚ್ಚಾಯ್ತು ಅಂತ ರೈಲ್ವೆಯವರೇ ಹೇಳಿದರು. ಇಷ್ಟು ಸ್ಪಷ್ಟ ಪಾಠ ಸಿಕ್ಕ ಮೇಲೂ ಪ್ಯಾಸೆಂಜರ್ ಟಿಕೆಟ್ಟನ್ನ ಮೂರು ಪಟ್ಟು ಮಾಡಿದ್ದನ್ನ ನಾನಂತೂ ಒಪ್ಪಲಾರೆ.

ಕೆ.ಆರ್.ನಗರದವರಿಗೆ ಜಗಳ ಮಾಡೋಕಾದರೂ ಒಂದು ರೈಲಿದೆ. ಪಕ್ಕದ ಹುಣಸೂರು, ಪಿರಿಯಾಪಟ್ಟಣಕ್ಕೆ ಅದೂ ಇಲ್ಲ. ಈ ಎರಡು ಊರಿನ ಮೇಲೆ ಹಾದುಹೋಗಬೇಕಾದ ಮೈಸೂರು–ಕುಶಾಲನಗರ ಮಾರ್ಗ ಸುಮಾರು 87 ಕಿ.ಮೀ. ಸರ್ವೆ ಆಗಿದೆ, ಭರವಸೆ ಸಿಕ್ಕಿದೆ, ಹಳಿ ಮಾತ್ರ ಬಿದ್ದಿಲ್ಲ. ಎಚ್.ಡಿ.ಕೋಟೆ ಆ ನಕ್ಷೆಯಲ್ಲೂ ಇಲ್ಲ. ಅಲ್ಲಿಗೆಲ್ಲ ಬಸ್ಸೇ ಗತಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯ್ತು, ಒಳ್ಳೇದೇ. ಆದರೆ 2025ರ ಜನವರಿಯಲ್ಲಿ ಬಸ್ ದರ 15% ಏರಿತಲ್ಲ, ಗಾರೆ ಕೆಲಸಕ್ಕೆ ಮೈಸೂರಿಗೆ ಬರೋ ಕೋಟೆ ಕಡೆಯ ಗಂಡಾಳು ಅದನ್ನ ದಿನಕ್ಕೆರಡು ಸಲ ಕೊಡ್ತಿದ್ದಾನೆ.