ಗೋಕಾಕ ಸೀಮೆಯ ಅಂಕಣದ ಮನೆ: ಜಂತಿಯ ಬಂಧ

ಗೋಕಾಕ, ಹುಕ್ಕೇರಿ ಹಾಗೂ ಗೋಕಾಕದಿಂದ ಬೇರ್ಪಟ್ಟ ಮೂಡಲಗಿ ತಾಲೂಕುಗಳ ಹಳೆಯ ವಾಸ್ತುವಿನಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಗಮನಾರ್ಹವಾದವು. ಇವುಗಳ ವಿಸ್ತಾರವನ್ನು ಸೂಚಿಸುವ ಜನಪದ ಮಾನ ‘ಅಂಕಣ’, ಎಂದರೆ ಕಂಬದಿಂದ ಕಂಬಕ್ಕಿರುವ ತೆರಪು. ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡವಾಗಿ ಒತ್ತೊತ್ತಾಗಿ ಜಂತಿ. ಆ ಬಳಿಕ ಹಲಗೆ, ಮೇಲ್ಮಣ್ಣು. ಇಂದಿನ ಕಾರ್ಖಾನೆಯ ಮರದ ಜಂತಿಗಳು ತೆಳುವಾಗಿ ಎತ್ತರವಾಗಿರುವುದರಿಂದ ಮಗ್ಗುಲಿಗೆ ಹೊರಳದಂತೆ ಅವುಗಳ ನಡುವೆ ಅಡ್ಡಪಟ್ಟಿ ಬಿಗಿಯಬೇಕಾಗುತ್ತದೆ. ಮಾಳಿಗೆಯ ದಪ್ಪ ಜಂತಿಗೆ ಗೋಡೆಯಲ್ಲಿ ಹುದುಗಿದ ತುದಿ ಮತ್ತು ಮಣ್ಣಿನ ಭಾರವೇ ಬಂಧ.

ಆದರೆ ಈ ಬಂಧ ಮೇಲಿನ ಭಾರಕ್ಕೆ ಸಮರ್ಥವೇ ಹೊರತು ಪಕ್ಕದ ನೂಕಿಗಲ್ಲ. 1993ರ ಸೆಪ್ಟೆಂಬರ್ 30ರಂದು ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಇದೇ ಬಗೆಯ, ಮರಾಠಿಯಲ್ಲಿ ‘ಖಣ’ವೆನಿಸುವ ರಚನೆಯ ಮರದ ಚೌಕಟ್ಟು ಹಲವೆಡೆ ನಿಂತಿತ್ತು, ದಪ್ಪ ಕಲ್ಲುಗೋಡೆಗಳು ಕುಸಿದು ಸಾವಿರಾರು ಜನ ಸತ್ತರು. ಅನಂತರದ ದುರಸ್ತಿ ಸೂಚನೆಗಳು ಮೇಲ್ಮಣ್ಣನ್ನು ತೆಳುಗೊಳಿಸಿ, ಕಂಬ-ತೊಲೆಗಳ ಮೂಲೆಗೆ ಓರೆ ಆಸರೆ ಜೋಡಿಸಲು ಹೇಳಿದವು.

2019ರ ಆಗಸ್ಟ್ ನೆರೆಯಲ್ಲಿ ಘಟಪ್ರಭೆ ಗೋಕಾಕವನ್ನು ಹೊಕ್ಕಾಗ ಪರೀಕ್ಷೆ ಬೇರೆಯದು. ನೆನೆದ ಮಣ್ಣುಗೋಡೆ ಜರಿದರೆ ಅದರಲ್ಲಿ ತುದಿಯೂರಿದ ಜಂತಿಯೂ ಜಾರುತ್ತದೆ. ಗೋಡೆಯ ಬದಿಗೂ ಕಂಬವಿಟ್ಟ ಅಂಕಣದಲ್ಲಿ ಮಾಳಿಗೆಯ ಭಾರ ಕಂಬಕ್ಕಿಳಿಯುವುದರಿಂದ, ಬಿದ್ದ ಗೋಡೆಯನ್ನು ಮತ್ತೆ ಕಟ್ಟಿಕೊಳ್ಳಲು ಎಡೆಯುಂಟು.